ಫೈವ್ ಆಕ್ಸಿಸ್ ಮಷೀನಿಗೆ ಯಾವ ಕ್ಯಾಮ್ ಸಾಫ್ಟ್‌ವೇರ್?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಜಾಬ್‌ವರ್ಕ್ ಶಾಪ್. ಎರಡು ವಿಎಂಸಿ (ವರ್ಟಿಕಲ್ ಮಷೀನಿಂಗ್ ಸೆಂಟರ್) ಇವೆ, ಪ್ರೋಗ್ರಾಂ ನಾನೇ ಹಾಕುತ್ತೇನೆ. ಈಗ ಟ್ರನಿಯನ್ ಟೇಬಲ್ಲಿನ (ವಾಲುವ, ತಿರುಗುವ ಟೇಬಲ್) ಫೈವ್ ಆಕ್ಸಿಸ್ ಮಷೀನ್ ಬುಕ್ ಮಾಡುವ ಯೋಚನೆ, ಮಷೀನ್ ಓಡಿಸುವ ಕಂಪ್ಯೂಟರ್ ಫ್ಯಾನುಕ್ ಕಂಟ್ರೋಲ್. ಜಾಬಿನ ಮಾಡೆಲ್‌ನಿಂದ ಪ್ರೋಗ್ರಾಂ ಮಾಡಿಕೊಡುವ ಕ್ಯಾಮ್ ಸಾಫ್ಟ್‌ವೇರ್ ಕೇಳಿದರೆ ಹೈಪರ್‌ಮಿಲ್, ಮಾಸ್ಟರ್‌ಕ್ಯಾಮ್, ಎನ್‌ಎಕ್ಸ್, ಫ್ಯೂಷನ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ತೆಗೆದುಕೊಳ್ಳಲಿ ಸರ್?

ಉತ್ತರ: ನಾಲ್ಕೂ ಕೆಲಸ ಮಾಡುವ ಸಾಫ್ಟ್‌ವೇರುಗಳೇ. ಹೆಸರು ನೋಡುವ ಮೊದಲು ಮಷೀನಿಗೆ ಬರುವ ಜಾಬ್ ಎಂಥದ್ದು ನೋಡಿ. ಹೌಸಿಂಗ್, ಬ್ರ್ಯಾಕೆಟ್, ಹೈಡ್ರಾಲಿಕ್ ಮ್ಯಾನಿಫೋಲ್ಡ್ ಇಂಥವೇ ಹೆಚ್ಚಾದರೆ ನಿಮಗೆ ಬೇಕಿರುವುದು ತ್ರೀ ಪ್ಲಸ್ ಟೂ. ಟೇಬಲ್ ವಾಲಿ, ತಿರುಗಿ, ಲಾಕ್ ಆಗಿ ನಿಲ್ಲುತ್ತದೆ. ಆಮೇಲೆ ಓಡುವುದು ನಿಮಗೆ ಗೊತ್ತಿರುವ ತ್ರೀ ಆಕ್ಸಿಸ್ ಪ್ರೋಗ್ರಾಮೇ. ಇದಕ್ಕೆ ದುಬಾರಿ ಮಾಡ್ಯೂಲ್ ಬೇಡ. ಐದೂ ಆಕ್ಸಿಸ್ ಒಟ್ಟಿಗೆ ಓಡಬೇಕಾದದ್ದು ಇಂಪೆಲ್ಲರ್, ಟರ್ಬೈನ್ ಬ್ಲೇಡ್, ಎಂಜಿನ್ ಪೋರ್ಟ್‌ನಂಥ ಜಾಬುಗಳಿಗೆ. ಆರ್ಡರ್ ಕೈಯಲ್ಲಿಲ್ಲದೆ ಇಂಪೆಲ್ಲರ್ ಮಾಡ್ಯೂಲಿಗೆ ದುಡ್ಡು ಹಾಕಬೇಡಿ, ಬೇಕಾದಾಗ ಸೇರಿಸಿಕೊಳ್ಳಬಹುದು.

ಇನ್ನೊಂದು, ಕೊಟೇಶನ್ನಿನಲ್ಲಿ ಕಂಟ್ರೋಲಿನ ಮಾಡೆಲ್ ನಂಬರ್ ನೋಡಿದಿರಾ? ಫ್ಯಾನುಕ್ 0ಐ-ಎಫ್ ಸರಣಿಯಲ್ಲಿ ಏಕಕಾಲಕ್ಕೆ ಓಡುವುದು ನಾಲ್ಕೇ ಆಕ್ಸಿಸ್. ಐದೂ ಒಟ್ಟಿಗೆ ಬೇಕೆಂದರೆ 31ಐ-ಬಿ5 ಥರದ್ದು ಬೇಕು. ‘ಫೈವ್ ಆಕ್ಸಿಸ್’ ಎಂಬ ಬೋರ್ಡು ಮಾತ್ರ ಎರಡಕ್ಕೂ ಒಂದೇ! ಪ್ರೋಗ್ರಾಮಿನಲ್ಲಿ ಬರುವ ಓರೆ ಸಮತಲದ ಕೋಡ್ ಜಿ68.2, ಟೂಲ್ ತುದಿ ಹಿಡಿಯುವ ಕೋಡ್ ಜಿ43.4 ಕೂಡ ಆಪ್ಷನ್‌ಗಳು. ಮಷೀನ್ ಬಂದ ಮೇಲೆ ಹಾಕಿಸಲು ಹೋದರೆ ಬೇರೆ ಬಿಲ್ ಬರುತ್ತದೆ. ಬುಕ್ ಮಾಡುವಾಗಲೇ ಬರೆಸಿಕೊಳ್ಳಿ.

ಈಗ ಸಾಫ್ಟ್‌ವೇರ್. ನನ್ನ ಮಟ್ಟಿಗೆ ನೀವು ಕೊಳ್ಳುತ್ತಿರುವುದು ಪೋಸ್ಟ್ ಪ್ರೊಸೆಸರನ್ನು, ಅದರ ಜೊತೆಗೆ ಕ್ಯಾಮ್ ಬರುತ್ತದೆ ಅಷ್ಟೆ. ಟೂಲಿನ ತುದಿ ಎಲ್ಲಿದೆ, ಟೂಲ್ ಯಾವ ಕಡೆ ವಾಲಿದೆ ಎಂಬಷ್ಟನ್ನೇ ಕ್ಯಾಮ್ ಲೆಕ್ಕ ಹಾಕುವುದು. ಅದನ್ನು ನಿಮ್ಮ ಮಷೀನಿನ ಎ (ಟೇಬಲ್ ವಾಲುವುದು), ಸಿ (ಟೇಬಲ್ ತಿರುಗುವುದು) ಕೋನಗಳಾಗಿ ಮಾಡುವುದು ಪೋಸ್ಟ್. ಪಕ್ಕದ ಶಾಪಿನ ಬಿ-ಸಿ ಮಷೀನಿನ ಪೋಸ್ಟ್ ನಿಮ್ಮ ಎ-ಸಿ ಟೇಬಲ್ಲಿಗೆ ಆಗಿಬರುವುದಿಲ್ಲ.

ಡೆಮೊಗೆ ಬಂದವರ ಕೈಗೆ ನಿಮ್ಮದೇ ಜಾಬಿನ ಮಾಡೆಲ್ ಕೊಡಿ, ಪೋಸ್ಟ್ ಮಾಡಿದ ಪ್ರೋಗ್ರಾಮನ್ನು ನೋಟ್‌ಪ್ಯಾಡಿನಲ್ಲಿ ತೆರೆಸಿ, ಏಕಕಾಲದ ಪಾಸಿನ ಮೊದಲು ಜಿ43.4 ಇದೆಯೇ ಹುಡುಕಿ. ಇದ್ದರೆ ಎಕ್ಸ್, ವೈ, ಝಡ್ ಎಲ್ಲವೂ ಟೂಲ್ ತುದಿಯವು. ಟೇಬಲ್ ತಿರುಗಿದಾಗ ಜಾಬ್ ಎಲ್ಲಿಗೆ ಸರಿಯಿತು ಎಂಬ ಲೆಕ್ಕ ಕಂಟ್ರೋಲೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಆ ಲೆಕ್ಕವನ್ನು ಪೋಸ್ಟೇ ಹಾಕಿಟ್ಟಿರುತ್ತದೆ. ಆಗ ಆಪರೇಟರ್ ಜಾಬನ್ನು 2 ಮಿ.ಮೀ. ಆಚೆ ಕಟ್ಟಿದರೂ ಪ್ರೋಗ್ರಾಮನ್ನು ಮತ್ತೆ ಪೋಸ್ಟ್ ಮಾಡಬೇಕು. ಪೋಸ್ಟ್ ಬರೆಯುವವರು ಯಾರು, ತಿದ್ದುಪಡಿಗೆ ಎಷ್ಟು, ಫೋನ್ ಮಾಡಿದರೆ ಬರುತ್ತಾರಾ, ಇದೆಲ್ಲ ಪಿಒದಲ್ಲೇ (ಪರ್ಚೇಸ್ ಆರ್ಡರ್) ಇರಲಿ. ನಿಮ್ಮ ಮಷೀನಿನ ಮೇಲೆ ಒಂದು ಜಾಬ್ ಪಾಸಾಗುವ ತನಕ ಕೊನೆಯ ಕಂತು ಕೊಡಬೇಡಿ. ಬ್ರ್ಯಾಂಡ್ ಯಾವುದು ಎನ್ನುವುದಕ್ಕೂ ಅಲ್ಲೇ ಉತ್ತರ ಸಿಗುತ್ತದೆ: ಇಷ್ಟಕ್ಕೆ ಒಪ್ಪುವ ಡೀಲರ್ ಯಾರದ್ದೋ ಅದು.

ಪ್ರಶ್ನೆ: ಗುಮ್ಮಟದಂಥ ಜಾಬನ್ನು ಬಾಲ್‌ನೋಸ್‌ನಲ್ಲಿ (ಗುಂಡು ತುದಿಯ ಟೂಲ್) ಫಿನಿಶ್ ಮಾಡುವಾಗ ತುದಿಯ ಹತ್ತಿರ ಟೇಬಲ್ ಗಿರ್ರನೆ ತಿರುಗಿ ಮಾರ್ಕ್ ಬೀಳುತ್ತದೆ. ಸಾಫ್ಟ್‌ವೇರಿನ ದೋಷವೇ?

ಉತ್ತರ: ಅಲ್ಲ. ಎ ಸೊನ್ನೆಯಾದಾಗ ಸಿ ಎಷ್ಟು ಡಿಗ್ರಿಯಲ್ಲಿದ್ದರೂ ಟೂಲಿನ ದಿಕ್ಕು ಒಂದೇ. ಅದರ ಆಸುಪಾಸಿನಲ್ಲಿ ಟೂಲ್ ಕೂದಲೆಳೆಯಷ್ಟು ಆಚೆಗೆ ವಾಲಿದರೂ ಸಿ 180 ಡಿಗ್ರಿ ತಿರುಗಬೇಕಾಗಿ ಬರಬಹುದು. ಅಷ್ಟು ಹೊತ್ತು ಟೂಲ್ ಒಂದೇ ಕಡೆ ಉಜ್ಜುತ್ತಿರುತ್ತದೆ. ಇದಕ್ಕೆ ಸಿಂಗ್ಯುಲಾರಿಟಿ ಎನ್ನುತ್ತಾರೆ. ಟೂಲ್ ಆಕ್ಸಿಸ್ ಲಿಮಿಟ್‌ನಲ್ಲಿ ಎ 10–15 ಡಿಗ್ರಿಗಿಂತ ಕೆಳಗಿಳಿಯದಂತೆ ಕೊಡಿ, ಇಲ್ಲವೇ ಜಾಬನ್ನೇ ಓರೆ ಫಿಕ್ಸ್‌ಚರ್ ಮೇಲೆ ಕಟ್ಟಿ.

ವಾಲಿಸಿದರೆ ಇನ್ನೊಂದು ಲಾಭವಿದೆ. 10 ಮಿ.ಮೀ. ಬಾಲ್‌ನೋಸ್ ನೆಟ್ಟಗೆ ನಿಂತು ಚಪ್ಪಟೆ ಜಾಗದಲ್ಲಿ 0.2 ಮಿ.ಮೀ. ಕಡಿಯುವಾಗ ಲೋಹಕ್ಕೆ ತಾಗುವ ವ್ಯಾಸ 2.8 ಮಿ.ಮೀ. ಮಾತ್ರ. 8,000 ಆರ್‌ಪಿಎಂನಲ್ಲಿ ಕಟಿಂಗ್ ಸ್ಪೀಡ್ ನಿಮಿಷಕ್ಕೆ 250 ಮೀಟರ್ ಎಂದು ನಾವು ಬರೆದುಕೊಂಡಿರುತ್ತೇವೆ, ಸಿಗುವುದು 70. ನಟ್ಟ ನಡುವಿನಲ್ಲಂತೂ ಸೊನ್ನೆ. 15 ಡಿಗ್ರಿ ವಾಲಿಸಿದರೆ ಅದೇ 130ಕ್ಕೆ ಏರುತ್ತದೆ. ಆ ಮಂಕು ಫಿನಿಶ್‌ಗೆ ಟೂಲ್ ಕಂಪನಿಯವರನ್ನು ಬೈಯುವುದು ಬಿಡಿ.

ಪ್ರಶ್ನೆ: ಕ್ಯಾಮ್‌ನಲ್ಲಿ ಸಿಮ್ಯುಲೇಶನ್ ಸರಿ ಬಂದರೂ ಮಷೀನಿನಲ್ಲಿ ಟೂಲ್ ಹಿಡಿಯುವ ಹೋಲ್ಡರ್ ಜಾಬ್ ಕಟ್ಟಿದ ಫಿಕ್ಸ್‌ಚರಿಗೆ ಬಡಿಯಿತು. ಏಕೆ?

ಉತ್ತರ: ಹಲವು ಪ್ಯಾಕೇಜುಗಳಲ್ಲಿ ಕಾಣುವುದು ಪೋಸ್ಟ್‌ಗೆ ಮುಂಚಿನ ದಾರಿ. ಟೂಲ್ ಚೇಂಜ್, ಟೇಬಲ್ ತಿರುಗುವ ಮುನ್ನ ಝಡ್ ಮೇಲೇರುವುದು, ಇವನ್ನು ಸೇರಿಸುವುದು ಪೋಸ್ಟ್. ಜಿ ಕೋಡನ್ನೇ ಓದುವ ವೆರಿಕಟ್‌ನಂಥ ಸಾಫ್ಟ್‌ವೇರ್ ಅದನ್ನು ಹಿಡಿಯುತ್ತದೆ. ಆದರೆ ಹೋಲ್ಡರ್, ವೈಸ್, ಕ್ಲಾಂಪ್ ಎಲ್ಲದರ ನಿಜವಾದ ಮಾಡೆಲ್ ಹಾಕಿರಬೇಕು. ನಿಮ್ಮ ಟೂಲ್ ಹೊರಚಾಚಿದ ಉದ್ದ ಕ್ಯಾಮ್‌ನಲ್ಲಿ ಬರೆದಷ್ಟೇ ಇತ್ತೇ, ಮೊದಲು ಅದನ್ನು ಅಳೆದು ನೋಡಿ.