ಆಸ್ಪತ್ರೆ ಮೇಲೆ ಸರ್ಕಾರದ ಕಣ್ಣು: ನೋಡೋದೇನು, ಕಾಣೋದೇನು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸರ್ಕಾರಿ ಆಸ್ಪತ್ರೆ ಬಗ್ಗೇನೇ, ಇವರನ್ನ ಕೇಳೋರು ಯಾರೂ ಇಲ್ವಾ ಅನ್ನೋದೇ ಎಲ್ಲರ ತಕರಾರು. ಅದಕ್ಕೇ ಮಿಕ್ಕಿದ್ದನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇದನ್ನೇ ತಗೊಂಡಿದೀನಿ.

ಪ್ರಶ್ನೆ: ಸಾರ್, ಮಂತ್ರಿಗಳು ದಿಢೀರ್ ಅಂತ ಆಸ್ಪತ್ರೆಗೆ ಹೋಗಿ, ಕ್ಯಾಮೆರಾ ಮುಂದೆ ಬೈದು, ಅಲ್ಲೇ ಇಬ್ಬರನ್ನ ಸಸ್ಪೆಂಡ್ ಮಾಡ್ತಾರಲ್ಲ, ಇದರಿಂದ ಏನಾದ್ರೂ ಉಪಯೋಗ ಇದೆಯಾ?

ಉತ್ತರ: ಆವತ್ತಿನ ಮಟ್ಟಿಗೆ ಇದೆ. ನೆಲ ಒರೆಸಿರ್ತಾರೆ, ಬೆಡ್‌ಶೀಟ್ ಬದಲಾಗಿರುತ್ತೆ, ರಜೆ ಹಾಕಿದ್ದವರೂ ಓಡಿ ಬಂದಿರ್ತಾರೆ. ದಿಢೀರ್ ಭೇಟಿ ಅನ್ನೋದು ಹೆಸರಿಗೆ ಅಷ್ಟೇ, ಕಾರು ಹೊರಡೋಕೆ ಮುಂಚೆ ಫೋನ್ ಹೋಗಿರುತ್ತೆ ಬಿಡಿ. ತೊಂದರೆ ಏನಂದ್ರೆ ಮಂತ್ರಿಗೆ ಕಣ್ಣಿಗೆ ಬೀಳೋದು ಕಸ, ಕ್ಯೂ, ಖಾಲಿ ಕುರ್ಚಿ ಇಂಥವೇ. ಪಳಗಿದ ಇನ್‌ಸ್ಪೆಕ್ಟರ್ ಬಂದ್ರೆ ಲಸಿಕೆ ಇಡೋ ಫ್ರಿಜ್ ಹತ್ರ ಹೋಗ್ತಾರೆ. ಆ ಫ್ರಿಜ್ 2ರಿಂದ 8 ಡಿಗ್ರಿ ಒಳಗಿರಬೇಕು, ದಿನಕ್ಕೆರಡು ಸಲ ಉಷ್ಣತೆ ನೋಡಿ ಚಾರ್ಟಲ್ಲಿ ಬರೀಬೇಕು. ಚಾರ್ಟ್ ತೆಗೆದು ನೋಡಿದ್ರೆ ತಿಂಗಳು ಪೂರ್ತಿ 4, 4, 4 ಅಂತ ಒಂದೇ ಪೆನ್ನು, ಒಂದೇ ಕೈಬರಹ, ಇನ್ನೂ ಬೆಳಿಗ್ಗೆ ಹನ್ನೊಂದು ಗಂಟೆ ಆಗಿದೆ ಆದ್ರೆ ಸಂಜೆ ಕಾಲಂ ಆಗ್ಲೇ ತುಂಬಿಬಿಟ್ಟಿದೆ! ಆ ಒಂದು ಹಾಳೆ ಸಾಕು, ಆಸ್ಪತ್ರೆ ಹೇಗೆ ನಡೀತಿದೆ ಅಂತ ಗೊತ್ತಾಗೋಕೆ. ಹಾಗೇನೇ ಕೈ ತೊಳೆಯೋ ವಿಷಯ. ಪಕ್ಕದಲ್ಲಿ ಯಾರೋ ಪ್ಯಾಡ್ ಹಿಡ್ಕೊಂಡು ನಿಂತಿದ್ರೆ ಎಲ್ರೂ ತೊಳೀತಾರೆ, ಅವರು ಅತ್ತ ಹೋದ್ಮೇಲೆ ಕಡಿಮೆ ಆಗುತ್ತೆ. ಅದಕ್ಕೇ ಎಷ್ಟು ಲೀಟರ್ ಹ್ಯಾಂಡ್‌ರಬ್ (ಕೈಗೆ ಹಚ್ಚೋ ಸ್ಯಾನಿಟೈಸರ್) ಖರ್ಚಾಯ್ತು ಅಂತ ಲೆಕ್ಕ ಹಿಡಿಯೋ ಪದ್ಧತಿ ಇದೆ, ವಿಶ್ವ ಆರೋಗ್ಯ ಸಂಸ್ಥೆ 1000 ರೋಗಿ-ದಿನಕ್ಕೆ ಕನಿಷ್ಠ 20 ಲೀಟರ್ ಅನ್ನೋ ಅಳತೆ ಇಟ್ಕೊಂಡಿದೆ. (ನೂರು ಬೆಡ್ ಹತ್ತು ದಿನ ತುಂಬಿದ್ರೆ 1000 ರೋಗಿ-ದಿನ.) ಸ್ಟೋರಿಂದ ಎಷ್ಟು ಬಾಟಲಿ ಹೋಯ್ತು ಅನ್ನೋದು ಟಿವಿಲಿ ಚೆನ್ನಾಗಿ ಕಾಣಲ್ಲ, ಅದಕ್ಕೇ ಅದನ್ನ ಯಾರೂ ಕೇಳಲ್ಲ.

ಪ್ರಶ್ನೆ: ಆಸ್ಪತ್ರೆ ನಡೆಸೋದೂ ಸರ್ಕಾರ, ದುಡ್ಡು ಕೊಡೋದೂ ಸರ್ಕಾರ, ತಪಾಸಣೆ ಮಾಡೋದೂ ಸರ್ಕಾರ. ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗಾಗಲ್ವಾ? ಬೇರೆ ಸ್ವತಂತ್ರ ಸಂಸ್ಥೆ ಇಟ್ರೆ ಸರಿ ಹೋಗುತ್ತಾ?

ಉತ್ತರ: ಬೇರೆ ಇಡಲೇಬೇಕು, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಇಟ್ಟ ಮಾತ್ರಕ್ಕೆ ಸರಿ ಹೋಗುತ್ತೆ ಅಂತ ನಂಬಬೇಡಿ. ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆ ಕಥೆ ಕೇಳಿ. 2005ರಿಂದ 2009ರ ತನಕ ಅಲ್ಲಿ ರೋಗಿಗಳು ಮಲಮೂತ್ರ ಮಾಡ್ಕೊಂಡ ಬಟ್ಟೇಲೇ ಗಂಟೆಗಟ್ಟಲೆ ಮಲಗಿರ್ತಿದ್ರು, ನೀರಿನ ಲೋಟ ಕೈಗೆ ಎಟುಕದ ಕಡೆ ಇಟ್ಟು ಹೋಗ್ತಿದ್ರು, ಎಮರ್ಜೆನ್ಸಿಗೆ ಬಂದವರಲ್ಲಿ ಯಾರು ಸೀರಿಯಸ್ ಅಂತ ಮೊದಲು ನೋಡ್ತಿದ್ದಿದ್ದು ಏನೂ ಟ್ರೈನಿಂಗ್ ಇಲ್ಲದ ರಿಸೆಪ್ಷನಿಸ್ಟ್. ಆ ಹೊತ್ತಲ್ಲಿ ಆಡಳಿತ ಮಂಡಳಿ ತಲೇಲಿ ಇದ್ದಿದ್ದು ಖರ್ಚು ಕಡಿಮೆ ಮಾಡಿ ಸರ್ಕಾರದ ಹಿಡಿತ ಕಡಿಮೆ ಇರೋ 'ಫೌಂಡೇಶನ್ ಟ್ರಸ್ಟ್' ಅನ್ನೋ ದರ್ಜೆ ಗಿಟ್ಟಿಸೋದು. ಗಿಟ್ಟಿಸಿದ್ರು ಕೂಡ, 2008ರ ಫೆಬ್ರವರೀಲಿ. ಆ ದರ್ಜೆ ಕೊಟ್ಟಿದ್ದು ಮಾನಿಟರ್ ಅನ್ನೋ ನಿಯಂತ್ರಣ ಸಂಸ್ಥೆ, ಅದು ಮುಖ್ಯವಾಗಿ ನೋಡಿದ್ದು ಹಣಕಾಸು ಮತ್ತು ಆಡಳಿತ. ಚಿಕಿತ್ಸೆ ಗುಣಮಟ್ಟ ನೋಡೋ ಇನ್ನೊಂದು ಸಂಸ್ಥೆ, ಹೆಲ್ತ್‌ಕೇರ್ ಕಮಿಷನ್, ಅದೇ ಹೊತ್ತಿಗೆ ಇಲ್ಲಿ ಸಾವು ಯಾಕೆ ಇಷ್ಟೊಂದು ಜಾಸ್ತಿ ಅಂತ ತಲೆ ಕೆಡಿಸ್ಕೊಂಡಿತ್ತು, ಮುಂದಿನ ತಿಂಗಳೇ ತನಿಖೆ ಶುರು ಮಾಡ್ತು. ಎರಡೂ ಸ್ವತಂತ್ರ ಸಂಸ್ಥೆಗಳೇ, ಇವರಿಗೆ ಗೊತ್ತಿದ್ದಿದ್ದು ಅವರಿಗೆ ಮುಟ್ಟಲಿಲ್ಲ ಅಷ್ಟೇ. ಒಬ್ಬರು ಸರ್ಟಿಫಿಕೇಟ್ ಕೊಟ್ರು, ಇನ್ನೊಬ್ಬರು ತನಿಖೆ ಹಾಕಿದ್ರು.

2009ರ ಮಾರ್ಚಲ್ಲಿ ತನಿಖಾ ವರದಿ ಬಂತು, ಆಮೇಲೆ ರಾಬರ್ಟ್ ಫ್ರಾನ್ಸಿಸ್ ಅನ್ನೋ ವಕೀಲರ ನೇತೃತ್ವದಲ್ಲಿ ಎರಡು ವಿಚಾರಣೆ, 2013ರ ಫೆಬ್ರವರೀಲಿ ಬಂದ ಎರಡನೇ ವರದೀಲಿ 290 ಶಿಫಾರಸು ಇತ್ತು. ನನಗೆ ಅದರಲ್ಲಿ ಮುಖ್ಯ ಅನ್ಸೋದು ಶಿಫಾರಸಿನ ಸಂಖ್ಯೆ ಅಲ್ಲ, ಎಷ್ಟೆಲ್ಲಾ ಸಮಿತಿ, ಕಮಿಷನ್, ರಾಯಲ್ ಕಾಲೇಜು ಅನ್ನೋ ವೈದ್ಯರ ಸಂಘಗಳು, ಮೇಲಧಿಕಾರಿಗಳು ಸುತ್ತ ಇದ್ರೂ ಪ್ರತಿಯೊಬ್ಬರೂ ಇದು ಇನ್ಯಾರೋ ನೋಡ್ಕೋತಾರೆ ಅಂದ್ಕೊಂಡು ಕೂತಿದ್ರು ಅನ್ನೋದು. ಕೂಗಾಡಿದವರು ಸತ್ತವರ ಮನೆಯವರು. ಹಾಗಾಗಿ ಸಂಸ್ಥೆ ಎಷ್ಟಿದೆ ಅಂತ ಎಣಿಸೋ ಬದಲು, ತಪ್ಪಾದಾಗ ಉತ್ತರ ಕೊಡಬೇಕಾದವರು ಇಂಥವರೇ ಅಂತ ಒಬ್ಬರ ಹೆಸರು ಹೇಳೋಕಾಗುತ್ತಾ ಅಂತ ಕೇಳಿ.

ಪ್ರಶ್ನೆ: ಪ್ರತಿ ಆಸ್ಪತ್ರೆಗೂ ಟಾರ್ಗೆಟ್ ಕೊಟ್ಟು, ಮುಟ್ಟದೇ ಇದ್ರೆ ಸಂಬಳ ಕಟ್, ಮುಟ್ಟಿದ್ರೆ ಬೋನಸ್ ಅಂತ ಮಾಡಿದ್ರೆ ತಾನಾಗೇ ದಾರಿಗೆ ಬರಲ್ವಾ?

ಉತ್ತರ: ನಂಬರ್ ದಾರಿಗೆ ಬರುತ್ತೆ, ಆಸ್ಪತ್ರೆ ಬರೋದು ಆಮೇಲಿನ ಮಾತು. ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಅಂತ ಸರ್ಕಾರವೇ ನಡೆಸೋ ಆಸ್ಪತ್ರೆಗಳಿವೆ. ಅಲ್ಲಿ 14 ದಿನದೊಳಗೆ ಅಪಾಯಿಂಟ್‌ಮೆಂಟ್ ಸಿಗಬೇಕು ಅಂತ ಗುರಿ ಇಟ್ರು, ಅಧಿಕಾರಿಗಳ ಸಾಧನೆ ಅಳೆಯೋಕೂ ಅದನ್ನೇ ಸೇರಿಸಿದ್ರು. 2014ರಲ್ಲಿ ಫೀನಿಕ್ಸ್ ನಗರದ ಆಸ್ಪತ್ರೆ ಬಣ್ಣ ಬಯಲಾಯ್ತು. ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ (ಪೊಲೀಸ್ ಅಲ್ಲ, ಇಲಾಖೆಯನ್ನೇ ತಪಾಸಣೆ ಮಾಡೋ ಸ್ವತಂತ್ರ ಅಧಿಕಾರಿ) 226 ರೋಗಿಗಳ ದಾಖಲೆ ತೆಗೆದು ನೋಡಿದ್ರೆ ಮೊದಲ ಭೇಟಿಗೆ ಸರಾಸರಿ 115 ದಿನ ಕಾದಿದ್ರು, ಆಸ್ಪತ್ರೆ ಮೇಲಕ್ಕೆ ಕಳಿಸಿದ್ದ ಲೆಕ್ಕದಲ್ಲಿ 24 ದಿನ! ಇದರ ಜೊತೆಗೆ ಸುಮಾರು 1700 ಜನರ ಹೆಸರು ಅಧಿಕೃತ ವೇಟಿಂಗ್ ಲಿಸ್ಟಲ್ಲೇ ಇರಲಿಲ್ಲ, ಪಟ್ಟೀಲಿ ಇಲ್ಲದವನು ಕಾಯೋದು ಲೆಕ್ಕಕ್ಕೆ ಬರಲ್ವಲ್ಲ. ಇಲಾಖೆ ಮಂತ್ರಿ ಅದೇ ವರ್ಷ ಮೇ ತಿಂಗಳ ಕೊನೇಲಿ ರಾಜೀನಾಮೆ ಕೊಟ್ರು.

ಇಂಗ್ಲೆಂಡಲ್ಲಿ ಎಮರ್ಜೆನ್ಸಿಗೆ ಬಂದವರನ್ನ ನಾಲ್ಕು ಗಂಟೆ ಒಳಗೆ ಅಡ್ಮಿಟ್ ಮಾಡಬೇಕು ಇಲ್ಲಾ ಕಳಿಸಬೇಕು ಅಂತ ರೂಲ್ ಬಂದಾಗ ಕಾಯೋ ಸಮಯ ನಿಜವಾಗ್ಲೂ ಇಳೀತು, ಅದನ್ನ ಒಪ್ಕೋಬೇಕು. ಆದ್ರೆ ಗ್ರಾಫ್ ಹಾಕಿ ನೋಡಿದ್ರೆ ಮೂರೂವರೆ ಗಂಟೆ ಕಳೆದ ಮೇಲೆ, ನಾಲ್ಕು ಗಂಟೆ ಆಗೋ ಸ್ವಲ್ಪ ಮುಂಚೆ ರೋಗಿಗಳು ದಿಬ್ಬದ ಥರ ಗುಂಪಾಗಿ ಹೊರಗೆ ಹೋಗಿರೋದು ಕಾಣುತ್ತೆ. ಅಷ್ಟೂ ಜನರ ಕಾಯಿಲೆ ಒಟ್ಟಿಗೇ ಆ ಗಳಿಗೇಲೇ ತೀರ್ಮಾನಕ್ಕೆ ಬರೋಕೆ ಸಾಧ್ಯನಾ ಹೇಳಿ? ಟಾರ್ಗೆಟ್ ಇರ್ಲಿ, ಆದ್ರೆ ಅಂಕಿ ಕೊಡೋರು ಒಬ್ಬರು, ಅದನ್ನ ಕಡತ ತೆಗೆದು ತಾಳೆ ನೋಡೋರು ಇನ್ನೊಬ್ಬರು ಇರಬೇಕು, ಮತ್ತೆ ಆ ಅಂಕಿ ಮೇಲೆ ಯಾರ ಬೋನಸ್ಸೂ ನೇತಾಡಬಾರದು.

ಪ್ರಶ್ನೆ: ಬಯೋಮೆಟ್ರಿಕ್ ಹಾಜರಾತಿ ಹಾಕಿದ್ರೆ ಡಾಕ್ಟರು ಟೈಮಿಗೆ ಬರ್ತಾರೆ ಅಂತಾರೆ, ನಿಜಾನಾ?

ಉತ್ತರ: ಇದನ್ನ ಅಳೆದು ನೋಡಿದಾರೆ. ಕರ್ನಾಟಕದ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನ ಇಟ್ಕೊಂಡು ಅದರಲ್ಲಿ 140ಕ್ಕೆ ಬೆರಳಚ್ಚು ಮೆಷಿನ್ ಕೊಟ್ಟು ಒಂದು ಅಧ್ಯಯನ ನಡೀತು. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್ ಹಾಜರಾತಿ ಹೆಚ್ಚಾಯ್ತು, ಕಡಿಮೆ ತೂಕದ ಮಕ್ಕಳು ಹುಟ್ಟೋದೂ ಇಳೀತು. ಡಾಕ್ಟರ ಹಾಜರಾತಿ ಮಾತ್ರ ಅಲ್ಲಾಡಲಿಲ್ಲ. ಮೆಷಿನ್ ಮಾಹಿತಿ ಕೊಡ್ತು, ಅದರ ಮೇಲೆ ಕ್ರಮ ತಗೊಳೋಕೆ ಮೇಲಿನವರಿಗೆ ಮನಸ್ಸಿರಲಿಲ್ಲ, ಯಾಕಂದ್ರೆ ಸರ್ಕಾರಿ ಕೆಲಸಕ್ಕೆ ಡಾಕ್ಟರು ಸಿಗೋದೇ ಕಷ್ಟ, ಗದರಿಸಿದ್ರೆ ಬಿಟ್ಟು ಹೋಗ್ತಾರೆ ಅನ್ನೋ ಭಯ. ರಾಜಸ್ಥಾನದ ಉದಯಪುರದಲ್ಲಿ ನರ್ಸ್‌ಗಳ ಹಾಜರಾತಿಗೆ ಸಮಯ ಮುದ್ರೆ ಹೊಡೆಯೋ ಮೆಷಿನ್ ಇಟ್ಟಾಗಲೂ ಶುರುವಲ್ಲಿ ಚೆನ್ನಾಗಿ ನಡೀತು, ಆಮೇಲೆ ಇಲಾಖೆಯವರೇ 'ಇವತ್ತು ವಿನಾಯಿತಿ, ಬೇರೆ ಕೆಲಸದ ಮೇಲಿದ್ರು' ಅಂತ ಬರ್ಕೊಡೋಕೆ ಶುರು ಮಾಡಿದ್ರು, ಹದಿನಾರು ತಿಂಗಳಾಗೋ ಹೊತ್ತಿಗೆ ಮೆಷಿನ್ ಇದ್ದ ಕಡೆಗೂ ಇಲ್ಲದ ಕಡೆಗೂ ವ್ಯತ್ಯಾಸವೇ ಉಳೀಲಿಲ್ಲ. ಮೆಷಿನ್ ಮಾರೋರು ಇದನ್ನ ಹೇಳಲ್ಲ.

ಪ್ರಶ್ನೆ: ನಾನು ಸರ್ಕಾರಿ ಆಸ್ಪತ್ರೇಲಿ ಸ್ಟಾಫ್ ನರ್ಸ್. ತಪ್ಪು ನಡೆಯೋದು ಮೊದಲು ಗೊತ್ತಾಗೋದು ನಮಗೇ, ಆದ್ರೆ ಬಾಯಿ ಬಿಟ್ರೆ ಟ್ರಾನ್ಸ್‌ಫರ್. ಏನ್ಮಾಡ್ಲಿ?

ಉತ್ತರ: ಮೇಡಂ, ಧೈರ್ಯವಾಗಿ ಮಾತಾಡಿ ಅಂತ ಇಲ್ಲಿ ಕೂತ್ಕೊಂಡು ಬರೆಯೋದು ನನಗೆ ಸುಲಭ, ಅದಕ್ಕೇ ಹಾಗೆ ಹೇಳಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆಸ್ಪತ್ರೇಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೇಲಿ ಬೇರೆ ಕಡೆಗಿಂತ ಜಾಸ್ತಿ ಮಕ್ಕಳು ಸಾಯ್ತಿರೋದನ್ನ ಗಮನಿಸಿದ್ದು ಅಲ್ಲಿನ ಅರಿವಳಿಕೆ ವೈದ್ಯ ಸ್ಟೀಫನ್ ಬೋಲ್ಸಿನ್. ಅವರು ವರ್ಷಗಟ್ಟಲೆ ಲೆಕ್ಕ ಇಟ್ಟು ಒಳಗೇ ಹೇಳ್ತಾ ಬಂದ್ರು, ಕೇಳಿಸ್ಕೊಂಡವರು ಕಡಿಮೆ, ಕೊನೆಗೆ ದೇಶ ಬಿಟ್ಟು ಆಸ್ಟ್ರೇಲಿಯಾಗೆ ಹೋದ್ರು. ಸಾರ್ವಜನಿಕ ವಿಚಾರಣೆ ವರದಿ 2001ರಲ್ಲಿ ಬಂದು ಅವರು ಎತ್ತಿದ್ದ ಆತಂಕ ಸರಿ ಅಂತ ತೋರಿಸ್ತು. ಸರಿ ಅಂತ ಆಗೋಕೆ ಅಷ್ಟು ಬೆಲೆ ಕಟ್ಟಬೇಕಾಯ್ತು, ಅದೂ ಒಬ್ಬ ಡಾಕ್ಟರು, ನೀವು ನರ್ಸ್. ಹಾಗಾಗಿ ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಸಹಿ ಹಾಕಿ. ವ್ಯಕ್ತಿ ಹೆಸರು ಎತ್ತದೆ ಘಟನೆ ಮಾತ್ರ ಬರೀರಿ: ಇಂಥ ದಿನ ನೈಟ್ ಶಿಫ್ಟಲ್ಲಿ ಇಷ್ಟು ಬೆಡ್‌ಗೆ ಇಷ್ಟೇ ಸಿಬ್ಬಂದಿ ಇದ್ರು, ಆಕ್ಸಿಜನ್ ಸಿಲಿಂಡರ್ ಬದಲಾಯಿಸೋಕೆ ಇಷ್ಟು ಹೊತ್ತಾಯ್ತು. ಕೊಟ್ಟಿದ್ದಕ್ಕೆ ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಒಂದು ಪ್ರತಿ ಮನೇಲಿಡಿ, ರೋಗಿಗಳ ಹೆಸರಿರೋ ಕಾಗದ ಮಾತ್ರ ಹೊರಗೆ ತರಬೇಡಿ, ನಿಮ್ಮನ್ನ ಹಿಡಿಯೋಕೆ ಅದೇ ನೆಪ ಆಗುತ್ತೆ.

ಪ್ರಶ್ನೆ: ಆಡಿಟ್ ನಡೆಯುತ್ತಲ್ಲ, ಅದ್ಯಾಕೆ ಇದನ್ನೆಲ್ಲ ಹಿಡಿಯಲ್ಲ?

ಉತ್ತರ: ಎಷ್ಟೋ ಸಲ ಹಿಡಿಯುತ್ತೆ, ನಾವು ಓದಲ್ಲ. ಹಣಕಾಸು ಆಡಿಟ್ ಬಿಲ್ಲು ವೋಚರ್ ನೋಡುತ್ತೆ, ಕಾರ್ಯಕ್ಷಮತೆ ಆಡಿಟ್ ಅನ್ನೋದು ಬೇರೆ, ಅದು ಮೆಷಿನ್ ಕೊಂಡಿದ್ದು ಸರಿ, ಅದನ್ನ ಓಡಿಸೋ ಟೆಕ್ನಿಷಿಯನ್ ಎಲ್ಲಿ ಅಂತ ಕೇಳುತ್ತೆ. ನಮ್ಮ ಸಂವಿಧಾನದ 151ನೇ ವಿಧಿ ಪ್ರಕಾರ ಮಹಾಲೇಖಪಾಲರ (ಸಿಎಜಿ) ವರದಿ ಶಾಸನಸಭೆ ಮುಂದೆ ಬರಲೇಬೇಕು. ಬರುತ್ತೆ, ತಡವಾಗಿ, ಅಷ್ಟು ಹೊತ್ತಿಗೆ ಆ ಅಧಿಕಾರಿ ಬೇರೆ ಕಡೆ ಹೋಗಿರ್ತಾರೆ.

ಪ್ರಶ್ನೆ: ನನ್ನನ್ನ ಆಸ್ಪತ್ರೆ ಸಮಿತಿಗೆ ಸಾರ್ವಜನಿಕರ ಪರವಾಗಿ ಹಾಕಿದಾರೆ. ಮೀಟಿಂಗಿಗೆ ಹೋಗಿ ಸಹಿ ಹಾಕಿ ಬರೋದಷ್ಟೇ ಆಗಿದೆ. ನಮ್ಮಂಥವರಿಂದ ಏನಾದ್ರೂ ಆಗುತ್ತಾ?

ಉತ್ತರ: ಉಗಾಂಡಾದಲ್ಲಿ ಇದರ ಬಗ್ಗೆ ಹೆಸರಾದ ಪ್ರಯೋಗ ಒಂದಿದೆ. ಹಳ್ಳಿಯವರಿಗೆ ತಮ್ಮ ಆರೋಗ್ಯ ಕೇಂದ್ರದ ಅಂಕಿಅಂಶ ತೋರಿಸಿ, ಸಿಬ್ಬಂದಿ ಜೊತೆ ಕೂರಿಸಿ, ಏನು ಬದಲಾಗಬೇಕು ಅಂತ ಒಟ್ಟಿಗೇ ಬರೆಸಿದ್ರು. 50 ಕೇಂದ್ರಗಳ ಆ ಅಧ್ಯಯನ 2009ರಲ್ಲಿ ಪ್ರಕಟವಾಯ್ತು, ಐದು ವರ್ಷದೊಳಗಿನ ಮಕ್ಕಳ ಸಾವು ಮೂರನೇ ಒಂದು ಭಾಗ ಇಳೀತು ಅಂತ ಅದರಲ್ಲಿತ್ತು. ಎಲ್ರೂ ಕುಣಿದಾಡಿದ್ರು. ಆಮೇಲೆ ಅದೇ ದೇಶದಲ್ಲಿ ಇನ್ನೂ ದೊಡ್ಡದಾಗಿ, 376 ಕೇಂದ್ರಗಳಲ್ಲಿ ಮಾಡಿದಾಗ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ, ಚಿಕಿತ್ಸೆ ಗುಣಮಟ್ಟ ಮತ್ತು ರೋಗಿಗಳ ತೃಪ್ತಿ ಮಾತ್ರ ಸ್ವಲ್ಪ ಸುಧಾರಿಸ್ತು. ಪವಾಡ ಆಗಲ್ಲ, ಏನೂ ಆಗಲ್ಲ ಅಂತಾನೂ ಅಲ್ಲ.

ಮುಂದಿನ ಮೀಟಿಂಗಿಗೆ ಹೋಗೋ ಮುಂಚೆ ಹೊರರೋಗಿ ಕ್ಯೂ ಹತ್ರ ಒಂದು ಗಂಟೆ ಸುಮ್ನೆ ನಿಂತ್ಕೊಳ್ಳಿ. ಡಾಕ್ಟರು ಚೀಟಿ ಬರೆದ ಮೇಲೆ ಎಷ್ಟು ಜನ ಹೊರಗಿನ ಮೆಡಿಕಲ್ ಸ್ಟೋರ್ ಕಡೆ ನಡೀತಾರೆ, ಯಾವ ಮಾತ್ರೆಗೆ, ಅದನ್ನ ಬರ್ಕೊಳ್ಳಿ. ಮೀಟಿಂಗಲ್ಲಿ ಔಷಧಿ ಸರಬರಾಜು ತೃಪ್ತಿಕರ ಅಂತ ಓದಿದ ತಕ್ಷಣ ನಿಮ್ಮ ಪಟ್ಟಿ ತೆಗೀರಿ, ಈ ಮಾತ್ರೆ ಇವತ್ತು ಸ್ಟಾಕಿದೆಯಾ, ಇಲ್ಲಾಂದ್ರೆ ಯಾವಾಗಿಂದ ಇಲ್ಲ, ಇಂಡೆಂಟ್ (ಔಷಧಿ ಬೇಡಿಕೆ ಪತ್ರ) ಯಾವ ತಾರೀಕು ಹೋಗಿದೆ ಅಂತ ಕೇಳಿ. ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಯೋ ತನಕ ಸಹಿ ಹಾಕಬೇಡಿ.