ಸಿಪ್ಪೆ ಏಳುವುದು ಕೊಳೆಯಲ್ಲ

ಪ್ರಶ್ನೆ: ಹೆರಿಗೆಗೆ ತವರಿಗೆ ಬಂದಿದ್ದೇನೆ. ಮಗಳಿಗೆ ಇಂದಿಗೆ ಹನ್ನೆರಡು ದಿನ. ದಿನ ತುಂಬಿ ವಾರ ಕಳೆದ ಮೇಲೆ ಹುಟ್ಟಿದಳು. ಅಂಗೈ, ಪಾದ, ಹೊಟ್ಟೆಯ ಮೇಲೆಲ್ಲ ಚರ್ಮ ಸಿಪ್ಪೆ ಏಳುತ್ತಿದೆ. ಎರೆಯಲು ಬರುವ ಅಜ್ಜಿ ‘ಗರ್ಭದ ಕೊಳೆ ಇನ್ನೂ ಹೋಗಿಲ್ಲ’ ಎಂದು ಕಡಲೆಹಿಟ್ಟು ಹಾಕಿ ತಿಕ್ಕುತ್ತಾರೆ, ಮೈ ಕೆಂಪಾಗುತ್ತದೆ. ಅಮ್ಮನೂ ಅವರ ಪಕ್ಷ. ಏನು ಮಾಡಲಿ?
– ಒಬ್ಬ ಬಾಣಂತಿ, ದಾವಣಗೆರೆ

ಉತ್ತರ: ತಿಕ್ಕುವುದನ್ನು ಇಂದೇ ನಿಲ್ಲಿಸಿ, ತಾಯಿ. ಅದು ಕೊಳೆಯಲ್ಲ. ತಿಂಗಳುಗಟ್ಟಲೆ ನೀರಿನಲ್ಲಿದ್ದ ಚರ್ಮ ಈಗ ಗಾಳಿಗೆ ಒಗ್ಗಿಕೊಳ್ಳುತ್ತಿದೆ. ದಿನ ಮೀರಿ ಹುಟ್ಟಿದ ಕೂಸುಗಳಲ್ಲಿ ಮೈಮೇಲಿನ ಬಿಳಿ ಜಿಡ್ಡು ಬಹುಪಾಲು ಹೋಗಿರುವುದರಿಂದ ಸಿಪ್ಪೆ ಇನ್ನೂ ಹೆಚ್ಚು. ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ.

ಆ ಜಿಡ್ಡಿನ ವಿಷಯದಲ್ಲಿ ನನಗೊಂದು ನೋವಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹುಟ್ಟಿದ ಗಂಟೆಯೊಳಗೆ ಮಗುವನ್ನು ತೊಳೆದು, ಜಿಡ್ಡನ್ನೆಲ್ಲ ಉಜ್ಜಿ ತೆಗೆದು ತಾಯಿಯ ಮಡಿಲಿಗೆ ಹಾಕುತ್ತಿದ್ದೆವು. ತಣ್ಣಗಾಗಿ ನಡುಗಿದ ಆ ಪುಟ್ಟ ಕಾಲುಗಳು ಇಂದಿಗೂ ಕಣ್ಣ ಮುಂದೆ ಬರುತ್ತವೆ. ಆ ಜಿಡ್ಡಿನಲ್ಲಿ ಸುಮಾರು ಶೇ 80ರಷ್ಟು ನೀರು, ಉಳಿದದ್ದು ಕೊಬ್ಬು ಮತ್ತು ಪ್ರೋಟೀನು. ರೋಗಾಣುಗಳನ್ನು ತಡೆಯುವ ಗುಣವೂ ಅದಕ್ಕಿದೆ. ಮೊದಲ ಸ್ನಾನಕ್ಕೆ 24 ಗಂಟೆಯಾದರೂ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುತ್ತದೆ.

ಚರ್ಮದ ಹೊರಪದರ ಇಟ್ಟಿಗೆ ಗೋಡೆಯಂತೆ. ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ನಿಮ್ಮ ಮಗಳಲ್ಲಿ ಗೋಡೆ ಎದ್ದಿದೆ, ಗಾರೆ ಇನ್ನೂ ಹಸಿಯಾಗಿದೆ. ಗಾರೆ ಗಟ್ಟಿಯಾಗಲು ಚರ್ಮ ತುಸು ಹುಳಿಯಾಗಬೇಕು. ಹುಳಿಯನ್ನು ಅಳೆಯುವುದು ಪಿಎಚ್ ಎಂಬ ಅಂಕಿಯಲ್ಲಿ, ಅದು ಇಳಿದಷ್ಟೂ ಹುಳಿ ಹೆಚ್ಚು. ಹುಟ್ಟುವಾಗ 6ರ ಮೇಲಿರುವ ಚರ್ಮದ ಪಿಎಚ್ ವಾರಗಳು ಕಳೆದಂತೆ 5.5ರ ಕಡೆಗೆ ಇಳಿಯುತ್ತದೆ. ಮಾಮೂಲಿ ಸಾಬೂನಿನದು 9ರಿಂದ 10. ಅದು ಆ ಹುಳಿಯನ್ನು ಕೆಡಿಸುತ್ತದೆ, ಹಿಟ್ಟಿನ ತರಿ ಗೋಡೆಯನ್ನೇ ಕೆರೆಯುತ್ತದೆ.

ವಾರಕ್ಕೆ ಎರಡು ಮೂರು ಸ್ನಾನ ಸಾಕು. ಮೊಣಕೈಗೆ ಹಿತವೆನಿಸುವ ನೀರು, ಐದು ನಿಮಿಷ. ಕತ್ತು, ಕಂಕುಳು, ತೊಡೆಸಂದಿಯನ್ನು ಮೆತ್ತಗೆ ಒತ್ತಿ ಒರೆಸಿ. ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಬಹುದು. ಆಲಿವ್ ಎಣ್ಣೆ ದುಬಾರಿಯೆಂದು ಒಳ್ಳೆಯದಾಗುವುದಿಲ್ಲ, ಅದರ ಒಲೀಕ್ ಆಮ್ಲ ಗಾರೆಯನ್ನು ಸಡಿಲಿಸುತ್ತದೆ. ಸಾಸಿವೆ ಎಣ್ಣೆಯೂ ಬೇಡ. ಮೂಗಿಗೆ ಎಣ್ಣೆ ಬಿಡಲೇಬೇಡಿ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಕರ್ಪೂರ ಬೆರೆಸಿದ ಎಣ್ಣೆಯೂ ಅಪಾಯ: ಕೂಸಿನ ಮೈಗೆ ಹಚ್ಚಿದ್ದು ರಕ್ತಕ್ಕೂ ಸೇರುತ್ತದೆ, ಫಿಟ್ಸ್ ಬಂದೀತು.

ನೀವು ಕೇಳದಿದ್ದರೂ ಇನ್ನೊಂದು ಮಾತು. ತೊಟ್ಟಿಲಿಗೆ ಹಾಸಲು ಟ್ರಂಕಿನಿಂದ ಹಳೆಯ ಸೀರೆ ತೆಗೆಯುತ್ತೀರಲ್ಲ, ಅದರಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಆ ಬಟ್ಟೆ ಬೇಡ. ಕೆಲವು ಮಕ್ಕಳಲ್ಲಿ ಅದು ರಕ್ತಕಣಗಳನ್ನು ಒಡೆದು ಕಾಮಾಲೆಯನ್ನು ವಿಪರೀತ ಏರಿಸುತ್ತದೆ.

ಕೀವುಗುಳ್ಳೆ, ನೀರುಗುಳ್ಳೆ, ಹೊಕ್ಕುಳಿನ ಸುತ್ತ ಕೆಂಪು, 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ, ಮೈ ತಣ್ಣಗಾಗುವುದು, ಹಾಲು ಚೀಪದಿರುವುದು – ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಮಕ್ಕಳ ವೈದ್ಯರಲ್ಲಿಗೆ ಹೋಗಿ.

ಅಜ್ಜಿಯನ್ನು ಬಿಡಿಸಬೇಡಿ. ಎಷ್ಟೋ ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡ ಕೈ ಅದು, ಅದರ ಹದ ನಮಗಾರಿಗೂ ಇಲ್ಲ. ‘ಎಣ್ಣೆ ನೀವೇ ಸವರಿ ಅಜ್ಜಿ, ಹಿಟ್ಟು ಮಾತ್ರ ಬೇಡ’ ಎಂದು ಅಮ್ಮನ ಎದುರಿಗೇ ಹೇಳಿ, ಕೆಂಪಾದ ಜಾಗವನ್ನು ಇಬ್ಬರಿಗೂ ತೋರಿಸಿ.