ಆ ಟ್ರ್ಯಾಕ್ಟರ್ ಅಲ್ಲೇಕೆ ನಿಂತಿತ್ತು?

ಬೀದರಿನಿಂದ ನಿವೃತ್ತ ಮಾಸ್ತರರೊಬ್ಬರು ಎರಡು ಪುಟ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಮೊಮ್ಮಗ ಮೊಬೈಲಿನಲ್ಲಿ ಅಮೆರಿಕದ ಹಳೇ ಕಾರ್ ರೇಸೊಂದನ್ನು ತೋರಿಸಿದನಂತೆ. ಲಾಸ್ ವೇಗಸ್, 2011ರ ಅಕ್ಟೋಬರ್ 16. ಹದಿನೈದು ಕಾರು ಒಂದಕ್ಕೊಂದು ಬಡಿದು, ಡ್ಯಾನ್ ವೆಲ್ಡನ್ ಎಂಬ 33 ವರ್ಷದ ಡ್ರೈವರ್ ತೀರಿಕೊಂಡ ರೇಸು ಅದು. ಮಾಸ್ತರರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. "ಜೀವ ತೆಗೆಯುವುದಕ್ಕೆ ಆಟ ಅಂತಾರೇನ್ರಿ? ಇದನ್ನು ಎಲ್ಲ ಕಡೆ ಬಂದ್ ಮಾಡಬೇಕು, ನೀವೂ ಬರೆಯಿರಿ" ಎಂದಿದ್ದಾರೆ.

ಗುರುಗಳೇ, ನಿಮ್ಮ ಅಕ್ಷರ ಇನ್ನೂ ಮುತ್ತು ಪೋಣಿಸಿದ ಹಾಗಿದೆ. ನಿಮ್ಮ ಸಂಕಟವೂ ಸುಳ್ಳಲ್ಲ. ವೆಲ್ಡನ್‌ಗೆ ಇಬ್ಬರು ಗಂಡುಮಕ್ಕಳು. ಒಬ್ಬನಿಗೆ ಆಗ ಎರಡು ವರ್ಷ, ಇನ್ನೊಬ್ಬ ಕೈಗೂಸು. ಅದು ಗೊತ್ತಾದಾಗ ನನಗೂ ಊಟ ಸೇರಲಿಲ್ಲ. ಆದರೆ ಬಂದ್ ಮಾಡಿ ಎಂದು ನಾನು ಬರೆಯಲಾರೆ.

ಈ ಕಾರುಗಳ ಗಾಲಿ ಮೈಯಿಂದ ಹೊರಗಿರುತ್ತವೆ. ಚಿಕ್ಕವರಿದ್ದಾಗ ನೀವೂ ಸೈಕಲ್ ರೇಸ್ ಹಚ್ಚಿರುತ್ತೀರಿ. ಮುಂದಿನವನ ಹಿಂದಿನ ಗಾಲಿಗೆ ನಮ್ಮ ಗಾಲಿ ಚೂರು ತಾಗಿದರೂ ಬೀಳುವವರು ನಾವೇ, ಅಲ್ವಾ? ಇಲ್ಲಿ ಅದೇ ಕತೆ, ಗಂಟೆಗೆ 350 ಕಿಲೋಮೀಟರ್ ವೇಗದಲ್ಲಿ. ತಿರುಗುವ ಟೈರು ತಿರುಗುವ ಟೈರನ್ನು ಹತ್ತುತ್ತದೆ, ಕಾರು ಗಾಳಿಗೆ ಹಾರುತ್ತದೆ. ವೆಲ್ಡನ್ ಕಾರು ಹಾರಿ ಬೇಲಿಗೆ ಬಡಿಯಿತು. ತಲೆ ಕಂಬಕ್ಕೆ ತಗುಲಿತು.

ಗಾಲಿಯದ್ದೇ ತಪ್ಪು ಎನ್ನುತ್ತೀರಾ? ಇಂಡಿಯಾನಪೊಲಿಸ್‌ನ ಎರಡೂವರೆ ಮೈಲಿ ಟ್ರ್ಯಾಕಿನಲ್ಲಿ 33 ಕಾರು ಬಿಡುತ್ತಾರೆ. ಲಾಸ್ ವೇಗಸ್‌ನಲ್ಲಿ ಒಂದೂವರೆ ಮೈಲಿಗೆ 34. ಮೇಲೆ ಒಂದು ಆಸೆ ಬೇರೆ: ವೆಲ್ಡನ್ ಎಲ್ಲರಿಗಿಂತ ಹಿಂದಿನಿಂದ ಹೊರಟು ಗೆದ್ದರೆ 50 ಲಕ್ಷ ಡಾಲರ್, ಅದರಲ್ಲಿ ಅರ್ಧ ಒಬ್ಬ ಅಭಿಮಾನಿಗೆ. ತೊಗರಿ ಕೊಯ್ಲಿನ ಹೊತ್ತಿನಲ್ಲಿ ಒಂದೇ ಟಂಟಂಗೆ ಹದಿನೈದು ಕೂಲಿಯವರನ್ನು ತುಂಬುವವನ ಲೆಕ್ಕಕ್ಕೂ ಇದಕ್ಕೂ ಏನು ಫರಕು? ಆದರೆ ಎರಡು ತಿಂಗಳಲ್ಲಿ ತನಿಖೆಯ ವರದಿ ಬಂತು. ಮುಂದಿನ ವರ್ಷ ಆ ರೇಸೇ ನಡೆಯಲಿಲ್ಲ. 2012ರ ಹೊಸ ಕಾರಿನಲ್ಲಿ ಹಿಂದಿನ ಗಾಲಿಗಳಿಗೆ ಮರೆ ಬಂತು. ಆ ಕಾರನ್ನು ಓಡಿಸಿ ಪರೀಕ್ಷೆ ಮಾಡಿದ್ದವನು ವೆಲ್ಡನ್ನೇ. ಅದಕ್ಕೆ ಅವನ ಹೆಸರಿನ ಅಕ್ಷರಗಳನ್ನೇ ಇಟ್ಟರು, ಡಿಡಬ್ಲ್ಯು12. ಅವನ ಇಬ್ಬರೂ ಹುಡುಗರು ಈಗ ಗಾಲಿ ಹೊರಗಿರುವ ರೇಸ್ ಕಾರುಗಳನ್ನೇ ಓಡಿಸುತ್ತಾರೆ. ಅವರ ತಾಯಿಗೆ ನೀವು ಏನು ಹೇಳುತ್ತೀರಿ?

ಮೊಮ್ಮಗ ಇನ್ನೊಂದು ವಿಡಿಯೋ ತೋರಿಸಿಲ್ಲ ಅಂತ ಕಾಣುತ್ತದೆ. 2014, ಜಪಾನಿನ ಸುಜುಕಾ. ಇದು ಫಾರ್ಮುಲಾ ವನ್ ರೇಸು, ಇಲ್ಲೂ ಕಾರಿನ ಗಾಲಿ ಹೊರಗೇ. ಮಳೆ. ಜಾರಿ ನಿಂತ ಕಾರೊಂದನ್ನು ಎತ್ತಲು ಟ್ರ್ಯಾಕ್ಟರಿನಂಥ ಗಾಡಿ ಟ್ರ್ಯಾಕಿನ ಬದಿಗೆ ಬಂದಿತ್ತು. ಮುಂದಿನ ಸುತ್ತಿನಲ್ಲಿ ಜೂಲ್ಸ್ ಬಿಯಾಂಕಿ ಎಂಬ ಡ್ರೈವರ್ ಅಲ್ಲೇ ಜಾರಿ ಅದಕ್ಕೆ ಹೋಗಿ ಬಡಿದ. ಒಂಬತ್ತು ತಿಂಗಳು ಪ್ರಜ್ಞೆ ಇಲ್ಲದೆ ಮಲಗಿ ತೀರಿಕೊಂಡ. ಅವನು ಸಾಕಷ್ಟು ವೇಗ ಇಳಿಸಲಿಲ್ಲ ಎಂದೂ ವರದಿ ಹೇಳಿತು. ಆದರೆ ಫೈಲನ್ನು ಅಲ್ಲಿಗೇ ಕಟ್ಟಿಡಲಿಲ್ಲ. 2015ರಿಂದ, ಇಂಥ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ವೇಗ ಇಳಿಸಲೇಬೇಕು ಎಂಬ ನಿಯಮ ಬಂತು. 2018ರಲ್ಲಿ ತಲೆಯ ಸುತ್ತ ಹೇಲೋ ಎಂಬ ಟೈಟೇನಿಯಂ ಕಮಾನು ಕಡ್ಡಾಯವಾಯಿತು. ಕಾರಿನ ಅಂದ ಹೋಯಿತು ಎಂದು ಗೊಣಗಿದವರೇ ಜಾಸ್ತಿ. ರೊಮೇನ್ ಗ್ರೋಜಾನ್ ಎಂಬ ಡ್ರೈವರ್ ಕೂಡ ಅದು ಬೇಡ ಎಂದವನೇ. 2020ರಲ್ಲಿ ಬಹರೈನ್‌ನಲ್ಲಿ ಅವನ ಕಾರು ತಡೆಬೇಲಿ ಸೀಳಿ ಎರಡು ತುಂಡಾಗಿ ಹೊತ್ತಿಕೊಂಡಿತು. ಅರ್ಧ ನಿಮಿಷ ಕಳೆಯುವ ಮುಂಚೆ ಬೆಂಕಿಯಿಂದ ತಾನೇ ಎದ್ದು ಬಂದ. ತಲೆ ಉಳಿಸಿದ್ದು ಅದೇ ಕಮಾನು.

ರೇಸ್ ನಡೆಸುವವರೇನು ದೇವರಲ್ಲ ಬಿಡಿ. 2022ರಲ್ಲಿ ಅದೇ ಸುಜುಕಾದಲ್ಲಿ, ಅದೇ ಮಳೆಯಲ್ಲಿ, ಟ್ರ್ಯಾಕಿಗೆ ಮತ್ತೆ ಅಂಥದ್ದೇ ಗಾಡಿ ಬಿಟ್ಟರು. ಪಕ್ಕದಿಂದ ಹಾದುಹೋದ ಪಿಯರ್ ಗ್ಯಾಸ್ಲಿ ರೇಡಿಯೋದಲ್ಲೇ ಕೂಗಾಡಿದ. ಅದಕ್ಕೂ ತನಿಖೆಯಾಯಿತು.

ಟ್ರ್ಯಾಕ್ಟರ್ ಎಂದ ಕೂಡಲೇ ನನ್ನ ಹೊಟ್ಟೆ ಉರಿಯುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಡಿಟಿಪಿ ಹುಡುಗ ರಾತ್ರಿ ಆಳಂದದಿಂದ ಕಲಬುರಗಿಗೆ ಬೈಕಿನಲ್ಲಿ ಬರುತ್ತಿದ್ದ. ಕಬ್ಬಿನ ಟ್ರೇಲರ್ ಪಂಕ್ಚರಾಗಿ ರಸ್ತೆ ಮೇಲೇ ನಿಂತಿತ್ತು. ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಎಚ್ಚರಿಕೆಗೆ ಅಂತ ನಾಲ್ಕು ಕಲ್ಲು ಇಟ್ಟಿದ್ದರು, ಕತ್ತಲಲ್ಲಿ ಕಲ್ಲು ಯಾರಿಗೆ ಕಾಣುತ್ತದೆ? ಹುಡುಗ ಆಸ್ಪತ್ರೆ ಮುಟ್ಟಲಿಲ್ಲ. ಮೂರನೇ ದಿನ ಆ ಜಾಗಕ್ಕೆ ಹೋಗಿ ನೋಡಿದೆ. ಟ್ರೇಲರ್ ಹೋಗಿತ್ತು, ಕಲ್ಲು ಅಲ್ಲೇ ಇದ್ದವು. ಒಂದಕ್ಕೆ ಅವನ ಹೆಡ್‌ಲೈಟಿನ ಗಾಜಿನ ಚೂರು ಅಂಟಿತ್ತು. ಠಾಣೆಯ ಕಾಗದದಲ್ಲಿ ಇದ್ದದ್ದು ಎರಡೇ ಮಾತು: ಅತಿವೇಗ, ನಿಷ್ಕಾಳಜಿತನ. ಅದೂ ಸತ್ತವನದ್ದು! ಆ ಟ್ರ್ಯಾಕ್ಟರ್ ಅಲ್ಲೇಕೆ ನಿಂತಿತ್ತು ಎಂದು ಯಾರೂ ಕೇಳಲಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಹೆಲ್ಮೆಟ್ ಹಾಕದೆ ಸತ್ತವರೇ 50,029. ರಸ್ತೆ ಬಂದ್ ಮಾಡಿ ಎಂದು ಒಂದು ಪತ್ರವೂ ನನ್ನ ಮೇಜಿಗೆ ಬಂದಿಲ್ಲ.

ಇನ್ನೊಂದು ಮಾತು, ಸಿಟ್ಟಾಗಬೇಡಿ. ನಿಮ್ಮೂರಿನ ಮಾಳಿಗೆ ಹತ್ತಿ ವಾಯುಪಡೆಯ ಸೂರ್ಯಕಿರಣ್ ತಂಡದ ವಿಮಾನಗಳ ಕಸರತ್ತು ನೋಡುತ್ತೀರಲ್ಲ? ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುತ್ತಾರೆ. 2019ರ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಅದೇ ತಂಡದ ಎರಡು ವಿಮಾನ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಬೀದರ್ ಅತ್ತಿತು. ಹಾರಾಟ ನಿಲ್ಲಿಸಿ ಎನ್ನಲಿಲ್ಲ. ನೀವೂ ಮಾಳಿಗೆಯಿಂದ ಇಳಿದಿಲ್ಲ, ನನಗೆ ಗೊತ್ತು.

ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಯಾವಾಗಲೂ ಕೆಂಪು ರಿಫ್ಲೆಕ್ಟರ್ ಟೇಪಿನ ಒಂದು ರೋಲ್ ಇರುತ್ತದೆ. ಚಹಾದಂಗಡಿ ಮುಂದೆ ಕಬ್ಬಿನ ಟ್ರೇಲರ್ ಕಂಡರೆ ಇಳಿದು ಹಿಂದಿನ ಹಲಗೆಗೆ ಎರಡು ಪಟ್ಟಿ ಅಂಟಿಸುತ್ತೇನೆ. ಧೂಳು ಒರೆಸದಿದ್ದರೆ ಹಿಡಿಯುವುದಿಲ್ಲ, ಅದಕ್ಕೊಂದು ಅರಿವೆಯೂ ಬೇಕು. ಮೊನ್ನೆ ಹುಮನಾಬಾದ್ ರಸ್ತೆಯಲ್ಲಿ ಹೀಗೇ ಅಂಟಿಸುತ್ತಿದ್ದಾಗ ಡ್ರೈವರ್ ಗಾಬರಿಯಾಗಿ ಓಡಿ ಬಂದ. "ಯಾವ ಪಾರ್ಟಿದ್ರೀ ಇದು?" ಎಂದು ಕೇಳಿದ.